ಸರಪಳಿ ಹಿಡಿದವನ ಪಟ್ಟಿ

ಡೆಲ್ಮರ್ ಕಾಸ್ಟೆಲ್ನಿಕ್‌ನ ಒಂದು ಹೆಜ್ಜೆ ಎಂದರೆ ಒಂದು ಗಜ. ಒಂದಂಗುಲ ಹೆಚ್ಚಿಲ್ಲ, ಒಂದಂಗುಲ ಕಡಿಮೆಯಿಲ್ಲ. ಆಳು ಕುಳ್ಳು, ಸೊಂಟದಿಂದ ಕೆಳಗೆ ದೇವರು ಕೊಟ್ಟದ್ದು ತೀರ ಕಡಿಮೆ; ಹಾಗಾಗಿ ಆ ಗಜದ ಹೆಜ್ಜೆ ಹುಟ್ಟಿನಿಂದ ಬಂದ ವರವಲ್ಲ, ಹಟ ಹಿಡಿದು ಸಾಧಿಸಿಕೊಂಡ ವಿದ್ಯೆ. ಆತ ರಸ್ತೆಯಲ್ಲಿ ಬರುವುದನ್ನು ದೂರದಿಂದ ನೋಡಿದರೆ ನಮಗೆ ಕಾಣದ ಚರಂಡಿಗಳನ್ನು ಒಂದೊಂದಾಗಿ ದಾಟಿಕೊಂಡು ಬರುತ್ತಿದ್ದಾನೆಂದು ತೋರುತ್ತದೆ. ಎಪ್ಪತ್ತಾರು ತುಂಬಿದರೂ, ಎಡ ಸೊಂಟಕ್ಕೆ ಉಕ್ಕಿನ ಕೀಲು ಬಿದ್ದರೂ, ಆ ಹೆಜ್ಜೆ ಮಾತ್ರ ಕುಗ್ಗಲಿಲ್ಲ. ಓಹಿಯೊ ನದಿಯ ದಂಡೆಯ ನಮ್ಮ ಎಲ್ಡರ್ಸ್ ಫೆರಿಯಲ್ಲಿ ಅಂಚೆ ಕಚೇರಿಯಿಂದ ಇಗರ್ಜಿಯ ಮೊದಲ ಮೆಟ್ಟಿಲಿಗೆ ಇನ್ನೂರ ಹದಿನಾಲ್ಕು ಗಜ, ವರ್ನಾಳ ಹೋಟೆಲಿನಿಂದ ನನ್ನ ಔಷಧದ ಅಂಗಡಿಗೆ ಎಂಬತ್ತೇಳು. ಇದು ಊರಿನ ಯಾವ ನಕಾಶೆಯಲ್ಲೂ ಇಲ್ಲ, ಡೆಲ್ಮರನ ಕಾಲಿನಲ್ಲಿದೆ.

ಆತನ ಬಾಯಲ್ಲಿ ಮೂವತ್ತು ವರ್ಷಗಳಿಂದ ನಾನು ಕೇಳುತ್ತ ಬಂದಿರುವ ಮಾತು ಒಂದೇ: "ಅಳೆದು ನೋಡಿದ್ದೀಯಾ?" ಪಕ್ಕದ ಮನೆಯವನು ಬೇಲಿ ಒಳಗೆ ಬಂತೆಂದರೂ ಅದೇ ಪ್ರಶ್ನೆ, ಪಾದ್ರಿಗಳು ಈ ಸಲದ ಉಪದೇಶ ಚಿಕ್ಕದೆಂದರೂ ಅದೇ ಪ್ರಶ್ನೆ. ಸೋಂಕಿನ ವರ್ಷ ಅಂಗಡಿಗೆ ಬರುವವರು ಆರಾರು ಅಡಿ ದೂರ ನಿಲ್ಲಬೇಕೆಂದು ಸರ್ಕಾರ ಹೇಳಿದಾಗ ನಾನು ನೆಲಕ್ಕೆ ಹಳದಿ ಪಟ್ಟಿ ಅಂಟಿಸಿದ್ದೆ. ಡೆಲ್ಮರ್ ರಕ್ತದೊತ್ತಡದ ಮಾತ್ರೆಗೆಂದು ಬಂದವನು ಎರಡು ಹೆಜ್ಜೆ ಹಾಕಿ ನಿಂತು, ಕೆಳಗೆ ನೋಡಿ, ಮುಖ ಕೆಂಪಗೆ ಮಾಡಿಕೊಂಡ. "ಡಾಕ್, ಇದು ಐದಡಿ ಎಂಟಂಗುಲ. ಜನ ನಿನ್ನ ನಂಬಿ ಮಾತ್ರೆ ನುಂಗ್ತಾರಲ್ಲಪ್ಪ!" ನಾನು ಡಾಕ್ಟರಲ್ಲ, ಮಾತ್ರೆ ಎಣಿಸಿ ಕೊಡುವವನು, ಆದರೂ ಊರಿಗೆಲ್ಲ ಡಾಕ್. ಆ ದಿನ ಆತ ಮಂಡಿಯೂರಿ ಅಷ್ಟೂ ಪಟ್ಟಿ ಕಿತ್ತು ಮತ್ತೆ ಅಂಟಿಸಿಯೇ ಮನೆಗೆ ಹೋದದ್ದು.

ಬೇಸಿಗೆ ಚಳಿಗಾಲ ಎನ್ನದೆ ತೊಡುವ ಕಂದು ಕ್ಯಾನ್ವಾಸಿನ ಕೋಟು ಒಂದಿತ್ತು. ಉಕ್ಕಿನ ಕಾರ್ಖಾನೆಯಲ್ಲಿ ಕೊಳಾಯಿ ಜೋಡಿಸುತ್ತಿದ್ದ ಕಾಲದ ಕೋಟು. ಕಾರ್ಖಾನೆ ಮುಚ್ಚಿ ಅದರ ಜಾಗದಲ್ಲಿ ಹುಲ್ಲು ಬೆಳೆದರೂ ಕೋಟು ಉಳಿದಿತ್ತು. ಬಲಗೈ ಸದಾ ಅದರ ಜೇಬಿನೊಳಗೆ. ಸಿಟ್ಟು ಬಂದಾಗ ಜೇಬಿನಿಂದ ಟಕ್, ಟಕ್ ಎಂಬ ಸದ್ದು ಹೊರಡುತ್ತಿತ್ತು, ಒಳಗೆ ಏನೋ ಬಾಯಿ ತೆರೆದು ಮುಚ್ಚುವ ಹಾಗೆ. ಅದೇನೆಂದು ಯಾರೂ ಕೇಳಿದವರಲ್ಲ. ಆತನಿಗೆ ಸಿಟ್ಟು ದಿನಕ್ಕೆ ಹತ್ತು ಸಲ ಬರುತ್ತಿದ್ದುದರಿಂದ ಆ ಸದ್ದು ನಮಗೆ ಹೋಟೆಲಿನ ಗಡಿಯಾರದ ಸದ್ದಿನಷ್ಟೇ ಅಭ್ಯಾಸವಾಗಿತ್ತು.

ವಾರದ ಐದು ದಿನ ಕಾರ್ಖಾನೆ, ಭಾನುವಾರ ಸರಪಳಿ, ಹೀಗೆ ಇಪ್ಪತ್ತಾರು ವರ್ಷ ಡೆಲ್ಮರ್ ಬದುಕಿದ. ನದಿ ಹರಿಯುವ ದಿಕ್ಕಿನಲ್ಲಿ ಕೆಳಗಿರುವ ನಗರದ ವೃತ್ತಿಪರ ತಂಡ ತನ್ನ ಅಂಗಳದಲ್ಲಿ ಆಡುವ ದಿನ ಅಂಚಿನಲ್ಲಿ ಸರಪಳಿ ಹಿಡಿಯುವ ಗುಂಪಿನಲ್ಲಿ ಆತನೊಬ್ಬ. ಫುಟ್‌ಬಾಲೆಂದರೆ ಇಲ್ಲಿ ಚೆಂಡನ್ನು ಕಂಕುಳಲ್ಲಿ ಒತ್ತಿಕೊಂಡು ಓಡುವ ಆಟ. ನಾಲ್ಕು ಯತ್ನದೊಳಗೆ ಹತ್ತು ಗಜ ಸಾಗಬೇಕು, ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಆ ಹತ್ತು ಗಜವನ್ನು ಕಾಯುವುದು ಎರಡು ಕೋಲು, ಅವುಗಳ ನಡುವಿನ ಒಂದು ಸರಪಳಿ. ಕಣ್ಣಳತೆಗೆ ತೀರ್ಮಾನವಾಗದಿದ್ದಾಗ ಅದನ್ನು ಅಂಗಳದ ನಡುವಿಗೆ ಒಯ್ದು ಚೆಂಡಿನ ಪಕ್ಕ ಬಿಗಿದು ನೋಡುತ್ತಾರೆ. ಒಯ್ಯುವಾಗ ಜಾಗ ತಪ್ಪದಿರಲೆಂದು, ಅಂಗಳದಲ್ಲಿ ಐದೈದು ಗಜಕ್ಕೆ ಎಳೆದ ಬಿಳಿ ಗೆರೆಗಳಲ್ಲಿ ಒಂದರ ಹಿಂದಿನ ಅಂಚಿಗೆ ಸರಿಯಾಗಿ ಸರಪಳಿಗೆ ಒಂದು ಕ್ಲಿಪ್ಪು ಕಚ್ಚಿಸುತ್ತಾರೆ. ನಡುವಿನಲ್ಲಿ ಆ ಕ್ಲಿಪ್ಪನ್ನು ಅದೇ ಗೆರೆಯ ಅದೇ ಹಿಂದಿನ ಅಂಚಿಗಿಟ್ಟರೆ ಅಳತೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಕ್ಲಿಪ್ಪು ಡೆಲ್ಮರನ ಕೆಲಸ. ಇನ್ನೊಂದು ಕಟ್ಟಳೆಯೂ ಇತ್ತು. ಸರಪಳಿಯವರು ಯಾರಿಗೂ ಚಪ್ಪಾಳೆ ತಟ್ಟುವಂತಿಲ್ಲ, ಕೂಗುವಂತಿಲ್ಲ, ಅಯ್ಯೋ ಎನ್ನುವಂತೆಯೂ ಇಲ್ಲ. ಊರೆಲ್ಲ ಗಂಟಲು ಹರಿದುಕೊಳ್ಳುವ ಜಾಗದಲ್ಲಿ ಅವರಿಗೆ ಮಾತ್ರ ಬಾಯಿಲ್ಲ.

ಬಾಯಿ ಸಿಕ್ಕಿದ್ದು ನಿವೃತ್ತಿಯಾದ ಮೇಲೆ, ವರ್ನಾಳ ಹೋಟೆಲಿನಲ್ಲಿ. ವರ್ನಾ ಹ್ರುಸ್ಕಾ ವಿಧವೆ, ಗಟ್ಟಿ ಹೆಂಗಸು; ಗೋಡೆಯ ಮೇಲೆ ಹಣ್ಣಿನ ಹೂರಣ ತುಂಬಿದ ಆ ದಿನದ ಪೈಗಳ ಹೆಸರು ಬರೆಯಲೆಂದು ಆಕೆ ತೂಗುಹಾಕಿದ್ದ ಕರಿ ಹಲಗೆಯನ್ನು ಇಪ್ಪತ್ತು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ನಮ್ಮ ಮೇಜಿನವರು ವಶಪಡಿಸಿಕೊಂಡು ಅದರ ಮೇಲೆ ಸಾರ್ವಕಾಲಿಕವಾಗಿ ಶ್ರೇಷ್ಠರಾದ ಹತ್ತು ರನ್ನಿಂಗ್ ಬ್ಯಾಕ್‌ಗಳ ಹೆಸರು ಬರೆದರು. ರನ್ನಿಂಗ್ ಬ್ಯಾಕ್ ಎಂದರೆ ಚೆಂಡು ಹೊತ್ತು ಎದುರಾಳಿಗಳ ಗೋಡೆಗೆ ನುಗ್ಗುವವನು. ಅಂದಿನಿಂದ ವರ್ನಾ ಪೈಗಳ ಹೆಸರನ್ನು ಬಾಯಲ್ಲೇ ಹೇಳಬೇಕಾಯಿತು. "ಸೇಬು, ಚೆರ್ರಿ, ತೆಂಗಿನ ಕ್ರೀಮು. ನೆನಪಿಟ್ಕೊಳ್ಳಿ, ನನ್ನ ಹಲಗೆ ಮೇಲೆ ಯಾರ್ಯಾರೋ ಓಡ್ತಿದ್ದಾರೆ," ಎಂದು ಬಂದ ಗಿರಾಕಿಗಳಿಗೆಲ್ಲ ದೂರುತ್ತಿದ್ದಳು. ದೂರುತ್ತಲೇ ಸೀಮೆಸುಣ್ಣವನ್ನೂ ತಂದಿಡುತ್ತಿದ್ದಳು.

ಆ ಹಲಗೆಗೆ ನಿಯಮವಿತ್ತು. ವರ್ಷಕ್ಕೆ ಒಂದೇ ದಿನ, ಆಟದ ಋತು ಶುರುವಾಗುವ ಮುಂಚಿನ ಶನಿವಾರ ಬೆಳಿಗ್ಗೆ, ಪಟ್ಟಿ ತಿದ್ದಬಹುದು. ಒಂದು ಹೆಸರನ್ನು ಮೇಲಕ್ಕೇರಿಸುವವನು ಇನ್ನೊಂದನ್ನು ಕೆಳಗಿಳಿಸಬೇಕು. ಒರೆಸಲು ಬಟ್ಟೆ ಬಳಸುವಂತಿಲ್ಲ, ಸ್ವಂತ ಅಂಗೈಯಿಂದಲೇ ಒರೆಸಬೇಕು. ಒರೆಸುವ ಮುಂಚೆ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, ಯಾಕೆಂದು ಹೇಳಬೇಕು. ಕೊನೆಯ ನಿಯಮ ಡೆಲ್ಮರನದೇ. "ಹೆಸರಿಗೊಂದು ಕಾರಣ ಬೇಡವಾ? ಸುಮ್ನೆ ಅಂಕಿ ಅಂಟಿಸಕ್ಕೆ ಇವೇನು ದನಗಳಾ?" ಎಂದು ಆತ ಮೇಜು ಗುದ್ದಿದ್ದು ನನಗೆ ನೆನಪಿದೆ.

ಮೇಜಿನ ಆ ಕಡೆ ಆತನ ನಿತ್ಯದ ಎದುರಾಳಿ ಗಾರ್ಲನ್ ಸ್ಟ್ರೂಪ್, ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದ ಮೇಷ್ಟ್ರು, ಅಂಕಿಗಳೆಂದರೆ ಪ್ರಾಣ. ಇಬ್ಬರೂ ಆರ್ಲೋ ಸಿಮ್ಸ್ ಎಂಬ ಓಟಗಾರನ ವಿಷಯಕ್ಕೆ ಎರಡು ಚಳಿಗಾಲ ಮಾತು ಬಿಟ್ಟದ್ದುಂಟು.

"ಸಿಮ್ಸ್ ಒಂದೊಂದು ಓಟಕ್ಕೆ ಸರಾಸರಿ ಐದು ಗಜದ ಮೇಲೆ ಕಣೋ. ಇನ್ನೇನು ಬೇಕು ನಿಂಗೆ?" ಎಂದು ಗಾರ್ಲನ್.

"ಯಾರ ಹಿಂದೆ ಓಡಿದ ಅದನ್ನ? ಮುಂದೆ ದಾರಿ ಬಿಡಿಸೋಕೆ ಬಾಗಿಲಿನಂಥಾ ಐದು ಜನ ಇದ್ರು. ಆ ಐದು ಜನರ ಹಿಂದೆ ನಮ್ಮ ವರ್ನಾನೂ ಮೂರು ಗಜ ಹೊಡೀತಾಳೆ."

"ನಾಲ್ಕು," ಎಂದಳು ವರ್ನಾ, ಕಾಫಿ ಸುರಿಯುತ್ತ.

ಡೆಲ್ಮರನ ಅಳತೆಗೋಲು ಬೇರೆಯದೇ ಇತ್ತು. ಒಟ್ಟು ಗಜ, ಸರಾಸರಿ ಗಜ ಇವೆಲ್ಲ ಆತನಿಗೆ ಕಾಗದದ ಮಾತು. ಎರಡು ಗಜ ಬೇಕಾಗಿದೆ, ಚೆಂಡು ಇವನಿಗೇ ಬರುತ್ತದೆಂದು ಅಂಗಳದಲ್ಲಿರುವ ಅರವತ್ತು ಸಾವಿರ ಜನಕ್ಕೂ ಗೊತ್ತಿದೆ, ಎದುರಿನ ಹನ್ನೊಂದು ಜನಕ್ಕೂ ಗೊತ್ತಿದೆ, ಆಗ ಆ ಎರಡು ಗಜ ತರುವವನು ಯಾರು? ಮೊದಲ ಏಟು ಬಿದ್ದ ಮೇಲೆ ಯಾರ ಕಾಲು ಇನ್ನೂ ಆಡುತ್ತಿತ್ತು? ಚೆಂಡು ಎಸೆಯುವ ಜೊತೆಗಾರನ ಮೈಮೇಲೆ ಎದುರಾಳಿ ಬೀಳದಂತೆ ತಾನೇ ಅಡ್ಡ ನಿಂತು ಏಟು ತಿಂದವನು ಯಾರು, ಅದಕ್ಕೆ ಯಾವ ಪುಸ್ತಕದಲ್ಲಿ ಅಂಕಿ ಇದೆ? ಹೀಗೆ ಕೇಳುತ್ತ ಕೇಳುತ್ತ ಆತನ ದನಿ ಏರುತ್ತಿತ್ತು, ಜೇಬು ಟಕ್ ಟಕ್ ಎನ್ನುತ್ತಿತ್ತು. ಆ ಸಿಟ್ಟು ನನಗೂ ತಗುಲಿದೆ, ಸುಳ್ಳು ಹೇಳಲಾರೆ. ಇಪ್ಪತ್ತೆರಡನೆಯ ವಯಸ್ಸಿಗೆ ಊರೆಲ್ಲ ಹೊತ್ತು ಮೆರೆಸಿದ ಹುಡುಗನನ್ನು ಇಪ್ಪತ್ತೊಂಬತ್ತಕ್ಕೆ ಮುದುಕನೆಂದು ಆಚೆ ತಳ್ಳುವ, ತಳ್ಳಿದ ಮೇಲೆ ಆತನ ಮಂಡಿಯ ನೋವಿಗೆ ನನ್ನ ಅಂಗಡಿಯ ಮಾತ್ರೆಯೊಂದೇ ಗತಿಯಾಗುವ ಈ ಆಟವನ್ನು ನಾನೂ ಭಾನುವಾರ ತಪ್ಪದೆ ನೋಡುತ್ತೇನೆ. ನೋಡಿ ಸೋಮವಾರ ನಾಚಿಕೆಪಡುತ್ತೇನೆ. ಅಂಥ ಕಾಲುಗಳನ್ನು ಸಾಲಾಗಿ ನಿಲ್ಲಿಸಿ ನಂಬರು ಹಚ್ಚುವ ಪತ್ರಿಕೆಯ ಪಂಡಿತರಲ್ಲಿ ಎಷ್ಟು ಜನ ಒಂದು ಏಟಿನ ಸದ್ದನ್ನು ಹತ್ತಿರದಿಂದ ಕೇಳಿದ್ದಾರೆ? ಡೆಲ್ಮರ್ ಕೇಳಿದ್ದ. "ಒದ್ದೆ ಹಾಸಿಗೆನ ಮಹಡಿಯಿಂದ ಬಿಸಾಕಿದ ಹಾಗಿರುತ್ತೆ ಡಾಕ್," ಎಂದಿದ್ದ ಒಮ್ಮೆ.

ಪಟ್ಟಿಯ ಮೂರನೆಯ ಹೆಸರು ಕ್ಲಿಯೋಫಸ್ ಬ್ರೇ. ಅದನ್ನು ಅಲ್ಲಿ ಬರೆದವನು ಡೆಲ್ಮರ್, ಹತ್ತೊಂಬತ್ತು ವರ್ಷವೂ ಕಾದವನು ಡೆಲ್ಮರ್. ಬ್ರೇ ಹತ್ತು ವರ್ಷ ನಗರದ ತಂಡಕ್ಕೆ ಓಡಿದ, ಆಮೇಲೆ ಹೆಂಡತಿಯ ಊರಾದ ಇಲ್ಲಿಗೇ ಬಂದು ಇಪ್ಪತ್ತೈದು ವರ್ಷ ಶಾಲೆಯ ಬಸ್ಸು ಓಡಿಸಿದ. ಈಗ ಅರವತ್ತೆಂಟು. ಮೆಟ್ಟಿಲು ಇಳಿಯುವಾಗ ಬೆನ್ನು ಮುಂದಾಗಿ ಇಳಿಯುತ್ತಾನೆ, ಮಂಡಿಗಳು ಬೇರೆ ರೀತಿಯಲ್ಲಿ ಒಪ್ಪುವುದಿಲ್ಲ. ಶನಿವಾರಗಳಂದು ವರ್ನಾಳಲ್ಲಿಗೆ ಬಂದು ಊಟ ಬಡಿಸುವ ಕಟ್ಟೆಯ ಮುಂದಿನ ಎತ್ತರದ ಕುರ್ಚಿಯಲ್ಲಿ ನಮಗೆ ಬೆನ್ನು ಹಾಕಿ ಕುಳಿತು, ಮೊಟ್ಟೆ ಮತ್ತು ಹುರಿದ ಆಲೂಗೆಡ್ಡೆ ತಿಂದು, ಟೋಪಿ ಮುಟ್ಟಿ ಹೋಗುವನು. ತನ್ನ ಹೆಸರಿಗೆ ನಾವು ಕಚ್ಚಾಡುತ್ತಿದ್ದರೂ ಒಂದು ದಿನವೂ ತಿರುಗಿ ನೋಡಿದವನಲ್ಲ. ಅಷ್ಟು ದೊಡ್ಡ ಮನುಷ್ಯನಿಗೆ ನಮ್ಮ ಹಲಗೆ ಯಾವ ಲೆಕ್ಕ ಎಂದು ನಾವು ತಿಳಿದಿದ್ದೆವು. ಡೆಲ್ಮರ್ ಕೂಡ ಆತನ ಪಕ್ಕ ಒಂದು ದಿನ ಕುಳಿತದ್ದನ್ನು ನಾನು ಕಾಣೆ. ಬ್ರೇ ಒಳಗೆ ಬಂದ ಕೂಡಲೇ ಡೆಲ್ಮರನ ದನಿ ಇನ್ನಷ್ಟು ಏರುತ್ತಿತ್ತು, ಕಣ್ಣು ಮಾತ್ರ ತಟ್ಟೆಯ ಮೇಲಿರುತ್ತಿತ್ತು.

ಕಳೆದ ವರ್ಷ ಪಟ್ಟಿ ತಿದ್ದುವ ಶನಿವಾರದ ಹೊತ್ತಿಗೇ ದೊಡ್ಡ ಕ್ರೀಡಾಪತ್ರಿಕೆಯೊಂದು ನೂರು ಜನ ಶ್ರೇಷ್ಠ ರನ್ನಿಂಗ್ ಬ್ಯಾಕ್‌ಗಳ ಪಟ್ಟಿ ಹಾಕಿತ್ತು. ಗಾರ್ಲನ್ ಅದನ್ನು ಮೇಜಿನ ಮೇಲೆ ಬಿಚ್ಚಿಟ್ಟು ಕನ್ನಡಕ ಏರಿಸಿದ. ನೂರರಲ್ಲಿ ಕ್ಲಿಯೋಫಸ್ ಬ್ರೇ ಇರಲಿಲ್ಲ.

"ನೂರನೆಯವನಾಗಿಯೂ ಇಲ್ವಾ?" ಎಂದ ಡೆಲ್ಮರ್.

"ಇಲ್ಲ. ಕಾರಣಾನೂ ಹಾಕಿದ್ದಾರೆ ನೋಡು. ಒಂದು ಋತುವಿನಲ್ಲಿ ಸಾವಿರ ಗಜ ಮುಟ್ಟೋದು, ಅಂಥ ಐದು ಋತು ಇರಬೇಕು. ಬ್ರೇಗೆ ಇರೋದು ನಾಲ್ಕೇ. ಐದನೇದು ಒಂಬೈನೂರ ತೊಂಬತ್ತೊಂಬತ್ತು."

"ಒಂದು ಗಜ! ಒಂದು ಗಜಕ್ಕೆ ಒಬ್ಬ ಮನುಷ್ಯನ್ನ ಅಳಿಸಿ ಹಾಕ್ತಾರಾ? ಯಾವನ್ರೀ ಅವನು ಪಟ್ಟಿ ಮಾಡಿದೋನು? ಅವನ ಹೆಸರೇನು? ಅವನು ಕುರ್ಚಿ ಬಿಟ್ಟು ಯಾವತ್ತಾದ್ರೂ ಒಂದು ಗಜ ಓಡಿದ್ದಾನಾ?"

"ಸಿಟ್ಟು ಯಾಕಯ್ಯ? ಗೆರೆ ಅಂದ್ಮೇಲೆ ಎಲ್ಲೋ ಒಂದು ಕಡೆ ಎಳೀಲೇಬೇಕು. ಸರಪಳಿ ಹಿಡಿದೋನು ನೀನು, ನಿಂಗೆ ನಾನು ಹೇಳ್ಬೇಕಾ? ಒಂಬೈನೂರ ತೊಂಬತ್ತೊಂಬತ್ತು ಹೋಗಿ ಸಾವಿರ ಆಗುತ್ತಾ?"

ಡೆಲ್ಮರ್ ಪತ್ರಿಕೆಯನ್ನು ಕಿತ್ತುಕೊಂಡು ಉಂಡೆ ಮಾಡಿ ವರ್ನಾಳ ಕಸದ ಡಬ್ಬಿಗೆ ಎಸೆದ. ಅದು ಗಾರ್ಲನ್ ದುಡ್ಡು ಕೊಟ್ಟು ತಂದದ್ದೆಂಬುದು ಆತನಿಗೆ ಬೇಕಿರಲಿಲ್ಲ. ಎದ್ದು, ಮೂರು ಗಜ ನಡೆದು, ಹಲಗೆಯ ಮುಂದೆ ನಿಂತು, ಮೊದಲ ಹೆಸರಿನ ಮೇಲೆ ಅಂಗೈ ಇಟ್ಟ. ಮೊದಲನೆಯವನು ಟ್ರೂಯೆಟ್ ಹ್ಯಾಮಂಡ್ಸ್. ಹತ್ತೊಂಬತ್ತು ವರ್ಷಗಳಲ್ಲಿ ಯಾರೂ ಮುಟ್ಟದ ಹೆಸರು.

"ಬ್ರೇನ ಮೇಲಕ್ಕೆ ಹಾಕ್ತಿದ್ದೀನಿ. ಒಂದನೇ ಜಾಗಕ್ಕೆ," ಎಂದ ಡೆಲ್ಮರ್.

"ಯಾಕೆ?"

ಕೇಳಿದವನು ಗಾರ್ಲನ್ ಅಲ್ಲ. ಎತ್ತರದ ಕುರ್ಚಿ ಕಿರ್ರೆಂದಿತು. ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಕ್ಲಿಯೋಫಸ್ ಬ್ರೇ ನಮ್ಮ ಕಡೆ ತಿರುಗಿದ್ದ. "ನಿಯಮ ಇದೆ ಅಲ್ವಾ ಕಾಸ್ಟೆಲ್ನಿಕ್? ಯಾಕೆ ಅಂತ ಹೇಳಬೇಕು. ಹೇಳು, ನಾನೂ ಕೇಳ್ತೀನಿ. ಹ್ಯಾಮಂಡ್ಸ್‌ಗಿಂತ ನಾನು ಯಾವುದರಲ್ಲಿ ಹೆಚ್ಚು?"

ಗಾರ್ಲನ್‌ಗಾದರೆ ಹತ್ತು ಕಾರಣ ಎಸೆಯುತ್ತಿದ್ದ. ಕೇಳಿದವನು ಬ್ರೇ. ಸ್ವಲ್ಪ ಹೊತ್ತು ಜೇಬು ಟಕ್ ಟಕ್ ಎಂದಿತು, ನಿಂತಿತು. ಆತ ಬಲಗೈ ಹೊರತೆಗೆದು ಕಟ್ಟೆಯ ಬಳಿಗೆ ಹೋಗಿ, ಬ್ರೇನ ತಟ್ಟೆಯ ಪಕ್ಕದಲ್ಲಿ ಒಂದು ಕ್ಲಿಪ್ಪು ಇಟ್ಟ. ಉಜ್ಜಿ ಉಜ್ಜಿ ಬಣ್ಣ ಹೋದ, ಬೆರಳುದ್ದದ ಕಬ್ಬಿಣದ ಕ್ಲಿಪ್ಪು.

"ಡಿಸೆಂಬರ್ ಕೊನೇ ಆಟ. ಹಿಮ ಬೀಳ್ತಿತ್ತು," ಎಂದ.

"ಗೊತ್ತು," ಎಂದ ಬ್ರೇ.

"ನಿಂದು ಆ ವರ್ಷ ಒಂಬೈನೂರ ತೊಂಬತ್ತು ಗಜ ಆಗಿತ್ತು. ಮೂರನೇ ಯತ್ನ, ಪೂರ್ತಿ ಹತ್ತು ಗಜ ಬೇಕು. ನೀನು ಓಡಿದೆ. ಸರಪಳಿ ಕರೆದ್ರು. ಗೆರೆ ಹಿಮದಡಿ ಮುಚ್ಚಿತ್ತು. ನಾನು ಕೈಗವಸಲ್ಲಿ ಗುಡಿಸಿದೆ, ಬಣ್ಣದ ಅಂಚು ಸಿಕ್ತು, ಕ್ಲಿಪ್ಪು ಒತ್ತಿದೆ. ಮೂರು ಬೆರಳಿನಗಲ ಕಡಿಮೆ ಬಂತು. ಆಗಲಿಲ್ಲ ಅಂತ ಅಂಪೈರು ಕೈ ಆಡಿಸಿಬಿಟ್ಟ. ಎತ್ತುವಾಗ ಹಿಮ ಇನ್ನೂ ಸ್ವಲ್ಪ ಸರೀತು." ಆತ ಕ್ಲಿಪ್ಪಿನ ಮೇಲೆ ಬೆರಳಿಟ್ಟ. "ಬಿಳಿ ಬಣ್ಣ ಕ್ಲಿಪ್ಪಿನ ಹಿಂದಿತ್ತು ಬ್ರೇ. ಮುಂದೆ ಇರಬೇಕಿತ್ತು. ನಾನು ಒತ್ತಿದ್ದು ಮುಂದಿನ ಅಂಚಿಗೆ."

ಗೆರೆಯ ಅಗಲ ನಾಲ್ಕಂಗುಲ. ಇಡೀ ಸರಪಳಿ ನಾಲ್ಕಂಗುಲ ಮುಂದೆ ಹೋಗಿತ್ತು. ಬ್ರೇ ತನ್ನ ಹತ್ತು ಗಜವನ್ನು ಓಡಿ ಮುಗಿಸಿ, ಮೇಲೆ ಎರಡಂಗುಲದಷ್ಟು ಹೆಚ್ಚಿಗೆಯೂ ಸಾಗಿದ್ದ. ಆದರೆ ಆಟದ ಪುಸ್ತಕದಲ್ಲಿ ಅರ್ಧ ಗಜ, ಕಾಲು ಗಜಗಳಿಲ್ಲ. ಹತ್ತಕ್ಕೆ ಮೂರು ಬೆರಳು ಕಡಿಮೆಯಾದರೂ ಬರೆಯುವುದು ಒಂಬತ್ತೆಂದೇ. ನಾಲ್ಕನೆಯ ಯತ್ನದ ಅಪಾಯ ಬೇಡವೆಂದು ತಂಡ ಚೆಂಡನ್ನು ಒದ್ದು ದೂರ ಕಳಿಸಿತು, ಎದುರಾಳಿ ಆಟದ ಹೊತ್ತು ಮುಗಿಯುವವರೆಗೂ ಅದನ್ನು ಬಿಡಲಿಲ್ಲ, ಬ್ರೇಗೆ ಆ ವರ್ಷ ಮತ್ತೊಂದು ಓಟ ಸಿಗಲಿಲ್ಲ.

"ಆಗಲೇ ಗೊತ್ತಾಯ್ತಾ ನಿಂಗೆ? ಅಲ್ಲೇ?" ಎಂದು ಕೇಳಿದವಳು ವರ್ನಾ.

"ಅಲ್ಲೇ. ಕೂಗಬಹುದಿತ್ತು. ಇನ್ನೊಂದು ಸಲ ಅಳೀರಿ ಅನ್ನಬಹುದಿತ್ತು. ಸರಪಳಿಯವನಿಗೆ ಬಾಯಿಲ್ಲ ಅಂತ ಸುಮ್ನಿದ್ದೆ. ಸುಳ್ಳು. ಭಾನುವಾರದ ಆ ಕೆಲಸ ಹೋಗುತ್ತೆ ಅಂತ ಸುಮ್ನಿದ್ದೆ."

ನನಗೆ ಆ ಕ್ಷಣ ಡೆಲ್ಮರನ ಮೇಲೆ ಬಂದ ಸಿಟ್ಟನ್ನು ಇಲ್ಲಿ ಮರೆಮಾಚುವುದಿಲ್ಲ. ಐದಡಿ ಎಂಟಂಗುಲಕ್ಕೆ ನನ್ನನ್ನು ಊರ ಮುಂದೆ ನಿಲ್ಲಿಸಿದ ಮನುಷ್ಯ! ಒಂದೇ ಒಂದು ಸಲ ಬಾಯಿ ಬಿಡಬೇಕಾದಲ್ಲಿ ಬಿಡದೆ, ಅದರ ಬದಲಿಗೆ ಲೋಕದ ಮೇಲೆಲ್ಲ ನಲವತ್ತೊಂದು ವರ್ಷ ಬಾಯಿ ಮಾಡಿದ್ದ. ನಮ್ಮೆಲ್ಲರ ಬೇಲಿ, ಗೆರೆ, ಪಟ್ಟಿಗಳನ್ನು ಅಳೆದು ಬೈದದ್ದೆಲ್ಲ ಆ ಒಂದು ಗೆರೆಯ ಬಾಬತ್ತಿಗೆ.

ಬ್ರೇ ಕ್ಲಿಪ್ಪನ್ನು ಎತ್ತಿ ಎರಡು ಬೆರಳಲ್ಲಿ ಒತ್ತಿದ. ಟಕ್. ಹತ್ತೊಂಬತ್ತು ವರ್ಷ ಬೆನ್ನ ಹಿಂದೆ ಕೇಳಿದ ಸದ್ದು.

"ಆ ಓಟ ನಂಗೆ ಮರೆತಿದೆ ಅಂದ್ಕೊಂಡ್ಯಾ? ಬಲಗಡೆ ದಾರಿ ತೆರೆದಿತ್ತು. ನಾನು ಎಡಕ್ಕೆ ತಿರುಗಿದೆ. ಬಲಕ್ಕೆ ಹೋಗಿದ್ರೆ ಹದಿನೈದಾಗ್ತಿತ್ತು, ನಿನ್ನ ಸರಪಳಿ ಯಾರಿಗೆ ಬೇಕಾಗಿತ್ತು? ಆ ಒಂದು ಗಜ ನನ್ನ ತಪ್ಪು ಅಂತ ಇಷ್ಟು ವರ್ಷ ಬಸ್ಸು ಓಡಿಸ್ತಾ ಓಡಿಸ್ತಾ ಬೈಕೊಂಡಿದ್ದೀನಿ." ಆತನ ದನಿ ತಗ್ಗಿನಲ್ಲೇ ಇತ್ತು, ಆದರೆ ಕುತ್ತಿಗೆಯ ನರ ಎದ್ದಿತ್ತು. "ಅದು ಹೋಗಲಿ. ಗಜದ ಮಾತು ಬಿಡು. ಈ ಹಲಗೆ ಮೇಲೆ ನನ್ನನ್ನ ಮೂರು ಅಂತ ಬರೆದೋನು ನೀನು. ನಾನು ಯಾಕೆ ಬೆನ್ನು ಹಾಕಿ ಕೂರ್ತೀನಿ ಗೊತ್ತಾ? ನಗು ನಿಮಗೆ ಕಾಣಬಾರದು ಅಂತ. ಎರಡು ಮಾರು ದೂರ ನಿಂತು ಅಷ್ಟು ವರ್ಷ ನೋಡಿದ ಮನುಷ್ಯ, ಅಳೀದೆ ಒಂದು ಮಾತಾಡದೋನು, ನನ್ನನ್ನ ಮೂರನೆಯವನು ಅಂದ ಅಂತ ಮನೆಗೆ ಹೋಗಿ ಹೆಂಡ್ತಿಗೆ ಹೇಳ್ತಿದ್ದೆ. ಪ್ರತಿ ವರ್ಷ ಹೇಳ್ತಿದ್ದೆ. ಪತ್ರಿಕೆಯೋರು ಏನು ಬರೆದ್ರೂ ಅವಳು ಅಂತಿದ್ಲು, ವರ್ನಾ ಹಲಗೆಯಲ್ಲಿ ನೀನು ಮೂರು ಅಂತ."

ಬ್ರೇ ಕ್ಲಿಪ್ಪಿನಿಂದಲೇ ಹಲಗೆಯನ್ನು ತೋರಿಸಿದ.

"ಆ ಮೂರು ನನ್ನ ಕಾಲಿಗೆ ಕೊಟ್ಟಿದ್ದಾ, ನಿನ್ನ ಕ್ಲಿಪ್ಪಿಗೆ ಕೊಟ್ಟಿದ್ದಾ? ಹೇಳೋ! ಈಗ ಒಂದು ಅಂತ ಬರೀತೀಯಾ? ಸತ್ತೋರಿಗೆ ಹೂವು ಇಟ್ಟ ಹಾಗೆ? ಅವತ್ತು ನೀನು ನನ್ನ ಒಂದು ಸಲ ತಪ್ಪು ಅಳೆದೆ. ಆಮೇಲೆ ಇಲ್ಲಿ ಹತ್ತೊಂಬತ್ತು ಸಲ ತಪ್ಪು ಅಳೆದಿದ್ದೀಯ. ಎರಡನೇದನ್ನ ನಾನು ಕ್ಷಮಿಸಲ್ಲ." ಆತ ಕುರ್ಚಿಯಿಂದ ಇಳಿದ, ಬೆನ್ನು ಮುಂದಾಗಿ, ಕಟ್ಟೆ ಹಿಡಿದು. "ಹೋಗು. ಈಗ ಅಳೆದು ಹೇಳು, ನಾನು ಎಷ್ಟನೆಯವನು."

ಡೆಲ್ಮರ್ ಹಲಗೆಯ ಮುಂದೆ ನಿಂತು ಹತ್ತು ಹೆಸರುಗಳನ್ನೂ ಮೇಲಿಂದ ಕೆಳಗೆ ಓದಿದ, ಮತ್ತೆ ಕೆಳಗಿನಿಂದ ಮೇಲಕ್ಕೆ ಓದಿದ. ಆ ಹೊತ್ತು ಎಷ್ಟು ದೀರ್ಘವಾಗಿತ್ತೆಂದರೆ ವರ್ನಾಳ ಬಾಣಲೆಯಲ್ಲಿ ಯಾರದೋ ಮೊಟ್ಟೆ ಸೀದು ವಾಸನೆ ಬಂತು, ಆಕೆ ಅಲ್ಲಾಡಲಿಲ್ಲ. ಮೂರನೆಯ ಹೆಸರಿನ ಮೇಲೆ ಆತ ಅಂಗೈ ಇಟ್ಟಾಗ, ಬೇಡ ಎಂದು ಕೂಗಬೇಕೆನಿಸಿತು ನನಗೆ. ಒರೆಸಿದ. ಕೆಳಗಿನ ಮೂರು ಹೆಸರುಗಳನ್ನೂ ಒರೆಸಿ ಒಂದೊಂದು ಮೆಟ್ಟಿಲು ಮೇಲೆ ಬರೆದ. ಆರನೆಯ ಸಾಲಿನಲ್ಲಿ, ಆತನಿಗೆ ಸಾಧ್ಯವಾದಷ್ಟು ದುಂಡಗಿನ ಅಕ್ಷರಗಳಲ್ಲಿ, ಕ್ಲಿಯೋಫಸ್ ಬ್ರೇ ಎಂದು ಬರೆದ.

"ಆರು," ಎಂದ, ಹಲಗೆಗೇ ಮುಖ ಮಾಡಿಕೊಂಡು. "ಎರಡು ಗಜ ಬೇಕಾದಾಗ ನಿನ್ನಂಥೋರು ಇಬ್ಬರೇ ಬಂದಿದ್ದಾರೆ ಈ ಆಟದಲ್ಲಿ. ಆದ್ರೆ ಬಯಲು ಸಿಕ್ಕಿದ್ಮೇಲೆ ಹಿಂದಿನೋರು ನಿನ್ನ ಹಿಡೀತಿದ್ರು. ದಾರಿ ಬಲಕ್ಕಿದ್ರೂ ಎಡಕ್ಕೆ ತಿರುಗ್ತಿದ್ದೆ. ಅವತ್ತು ಒಂದೇ ದಿನ ಅಲ್ಲ, ತುಂಬಾ ಸಲ. ಅದಕ್ಕೇ ಆರು. ಹೆಚ್ಚಿಲ್ಲ, ಕಡಿಮೆ ಇಲ್ಲ."

ಬ್ರೇ ಹಲಗೆಯ ಹತ್ತಿರ ಬಂದು ನಿಂತ. ಓದಲು ಕನ್ನಡಕ ಬೇಕಾಯಿತು, ಜೇಬಿನಿಂದ ತೆಗೆದು ಹಾಕಿಕೊಂಡ.

"ಐದನೆಯವನು ಯಾರು?"

"ಪಾರ್ಟ್ಲೋ."

"ಡಿವೇಯ್ನ್ ಪಾರ್ಟ್ಲೋ? ನನಗಿಂತ ಮೇಲಾ? ತಲೆ ಕೆಟ್ಟಿದೆಯೇನೋ ನಿಂಗೆ? ಎದುರಾಳಿ ಮೈಮೇಲೆ ಬಂದ್ರೆ ಅಂಗಳದ ಅಂಚಿನ ಗೆರೆ ಆಚೆ ಜಿಗಿದುಬಿಡ್ತಿದ್ದ ಅವನು. ಬಟ್ಟೆಗೆ ಮಣ್ಣೇ ಆಗ್ತಿರಲಿಲ್ಲ!"

"ಹತ್ತು ವರ್ಷದಲ್ಲಿ ನಾಲ್ಕೇ ಸಲ ಚೆಂಡು ಬಿಟ್ಟ. ನೀನು ಎಷ್ಟು ಸಲ ಬಿಟ್ಟೆ?"

"ಯಾರು ಎಣಿಸಿದೋರು?"

"ನಾನು."

ಗಾರ್ಲನ್ ಮೆಲ್ಲಗೆ ತನ್ನ ಕಾಫಿ ಬಟ್ಟಲು ಸರಿಸಿ ಮೇಜಿನಲ್ಲಿ ಜಾಗ ಮಾಡಿದ. ಬ್ರೇ ಕುಳಿತ, ಎದುರಿಗೆ ಡೆಲ್ಮರ್ ಕುಳಿತ, ಪಾರ್ಟ್ಲೋನ ಮಾತು ಮಧ್ಯಾಹ್ನದ ಊಟದವರೆಗೂ ಮುಗಿಯಲಿಲ್ಲ. ಕ್ಷಮೆಯ ಶಬ್ದ ಅಲ್ಲಿ ಯಾರ ಬಾಯಿಂದಲೂ ಬಂದದ್ದನ್ನು ನಾನು ಕೇಳಲಿಲ್ಲ. ಬ್ರೇ ಹೇಳಿದ ಹಾಗೆ ಎರಡನೆಯದನ್ನು ಇಂದಿಗೂ ಕ್ಷಮಿಸಿಲ್ಲ. ಪ್ರತಿ ಶನಿವಾರ ಅದೇ ಮೇಜಿಗೆ ಬಂದು, ತಾನು ಐದೆಂದು ವಾದಿಸಿ ಹೋಗುತ್ತಾನೆ. ಕ್ಲಿಪ್ಪು ಕಟ್ಟೆಯ ಮೇಲೆಯೇ ಉಳಿಯಿತು. ವರ್ನಾ ಅದರಿಂದ ಪೈಗಳ ಹೆಸರಿನ ಚೀಟಿಯನ್ನು ಹಲಗೆಯ ಕೆಳಂಚಿಗೆ ಕಚ್ಚಿಸಿದ್ದಾಳೆ. ಹತ್ತೊಂಬತ್ತು ವರ್ಷಗಳ ಮೇಲೆ ತನ್ನ ಹಲಗೆಯಲ್ಲಿ ಮೂರಂಗುಲ ಜಾಗ ವಾಪಸು ಪಡೆದೆನೆಂದು ಹೇಳಿಕೊಳ್ಳುತ್ತಾಳೆ.

ಡೆಲ್ಮರ್ ಈಗಲೂ ಗಜದ ಹೆಜ್ಜೆಯಲ್ಲೇ ನಡೆಯುತ್ತಾನೆ, ಸಿಟ್ಟೂ ಹೋಗಿಲ್ಲ. ಹೋಗಬಾರದು ಕೂಡ. ಪತ್ರಿಕೆಗೆ ಮೇಜಿನ ನಾವು ನಾಲ್ವರೂ ರುಜು ಹಾಕಿ, ಆ ದಿನದ ಅಳತೆ ತಪ್ಪಾಗಿತ್ತೆಂದು ಡೆಲ್ಮರನ ಕೈಯಲ್ಲೇ ಬರೆಸಿ ಕಳಿಸಿದೆವು. ನಲವತ್ತೊಂದು ವರ್ಷ ಹಿಂದಿನ ಅಂಕಿಗಳನ್ನು ಪರಿಷ್ಕರಿಸುವ ಪದ್ಧತಿಯಿಲ್ಲವೆಂದು, ಕೆಳಗೆ ಯಾರ ಹೆಸರೂ ಇಲ್ಲದ ಮೂರು ಸಾಲಿನ ಉತ್ತರ ಬಂತು. ಲೋಕದಲ್ಲಿ ಅಳೆಯುವವರು ಇಷ್ಟೊಂದು ಜನ ಇದ್ದಾರೆ, ಮನುಷ್ಯರನ್ನು ಮೇಲೆ ಕೆಳಗೆ ಕೂರಿಸುವುದೇ ಕಸುಬಾದವರು. ಅವರ ಕೈಯೂ ಎಂದಾದರೊಂದು ಹಿಮದ ದಿನ ಗೆರೆ ತಪ್ಪಿರಲೇಬೇಕು. ಅಂಥವರಲ್ಲಿ ಬಹುಪಾಲು ಜನ ಅದನ್ನು ಮರೆತು ನಿದ್ದೆ ಮಾಡುತ್ತಾರೆ. ಕೆಲವರು ಮಾತ್ರ ಆ ತಪ್ಪನ್ನು ಜೇಬಿನಲ್ಲಿಟ್ಟುಕೊಂಡು ಊರೆಲ್ಲ ಬೈಯುತ್ತ ತಿರುಗುತ್ತಾರೆ. ಅವರ ಸಹವಾಸ ಕಷ್ಟ, ಅವರ ಮಾತು ಕಿವಿಗೆ ಹಿತವಲ್ಲ, ಅವರು ಮಾಡಿದ್ದನ್ನು ಸರಿಯೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ವರ್ನಾಳ ಹಲಗೆಯ ಆ ಆರನೆಯ ಸಾಲನ್ನು ಬರೆದವನು ಯಾರೆಂದು ನನಗೆ ಗೊತ್ತು, ಬರೆದ ಮೇಲೆ ಆತ ಇಡೀ ಬೆಳಿಗ್ಗೆ ತೊಳೆಯದೆ ಇಟ್ಟುಕೊಂಡಿದ್ದ ಬಿಳಿ ಅಂಗೈಯನ್ನೂ ನಾನು ನೋಡಿದ್ದೇನೆ. ಆ ನೂರು ಹೆಸರುಗಳ ಪಟ್ಟಿಯ ಹಿಂದೆ ಯಾರ ಕೈ ಇತ್ತೆಂದು ನನಗೆ ಇಂದಿಗೂ ತಿಳಿದಿಲ್ಲ.